ಇದ್ದಿಲ ಒಲೆಯ ಕಾರು

ಹನೂರು,
18-2-1991, ಸೋಮವಾರ

ಪ್ರೀತಿಯ ಮಗ ನಟರಾಜುವಿಗೆ, ನಿನ್ನ ಅಪ್ಪ ಪುಟ್ಟಸಿದ್ದಯ್ಯ ತಲೆ ಸವರಿ ಬರೆಯುವ ಕಾಗದ.

ಮೈ ಹೇಗಿದೆ ಮಗ? ಜಬಲ್ಪುರದ ಕಡೆ ನಮ್ಮೂರಿಗಿಂತ ಮೂರು ಪಾಲು ಚಳಿ ಎಂದು ಹಿಂದಿನ ಕಾಗದದಲ್ಲಿ ಬರೆದಿದ್ದೀಯ. ಒಂದು ಕಂಬಳಿ ಸಾಲದಿದ್ದರೆ ಇನ್ನೊಂದು ಕೊಂಡುಕೋ, ಜಿಪುಣತನ ಮಾಡಬೇಡ. ಬೋರ್ ಕೊರೆಯುವಾಗ ಏಳುವ ಕಲ್ಲುಪುಡಿಗೆ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತೀಯೋ ಇಲ್ಲವೋ? ಇಲ್ಲವೆಂದು ಗೊತ್ತು. ಹೇಳಿದ ಮಾತು ಕೇಳಿದರೆ ನೀನು ನನ್ನ ಮಗ ಹೇಗಾಗುತ್ತೀಯ? ಆದರೂ ಕಟ್ಟಿಕೋ. ನಿಮ್ಮ ಲಾರಿಯಲ್ಲೇ ಕೆಲಸ ಮಾಡುವ ಲೊಕ್ಕನಹಳ್ಳಿ ಮಹದೇವು ರಜೆ ಮುಗಿಸಿ ಮುಂದಿನ ವಾರ ರೈಲು ಹತ್ತುತ್ತಾನಂತೆ. ನಮ್ಮ ಕಾರಿನ ಸುದ್ದಿಯನ್ನು ಅವನು ಹನೂರಿನ ಟೀ ಅಂಗಡಿಯಲ್ಲಿ ಕೇಳಿಸಿಕೊಂಡು ಹೋಗಿದ್ದಾನೆ. ಅವನು ಕಡ್ಡಿಯನ್ನು ಗುಡ್ಡ ಮಾಡುವ ಆಸಾಮಿ. ಈ ಸಲ ಇರುವುದೇ ಗುಡ್ಡ, ಅವನು ಅದನ್ನು ಏನು ಮಾಡುತ್ತಾನೋ ಗೊತ್ತಿಲ್ಲ. ಅದಕ್ಕೇ ಅವನಿಗಿಂತ ಮುಂಚೆ ನಿನಗೆ ಮುಟ್ಟಲೆಂದು ಬರೆಯುತ್ತಿದ್ದೇನೆ. ನಿನ್ನ ಹೆಂಡತಿ ಯಶೋದ, ನಿನ್ನ ಮಗಳು, ನಿಮ್ಮವ್ವ ಮೂವರೂ ಮನೆಯಲ್ಲಿದ್ದಾರೆ, ಉಸಿರಾಡುತ್ತಿದ್ದಾರೆ. ಇಷ್ಟು ಮೊದಲೇ ಬರೆದಿದ್ದೇನೆ, ಇನ್ನು ಪೂರ್ತಿ ಓದು. ಅರ್ಧ ಓದಿ ಎದ್ದು ರೈಲು ಸ್ಟೇಷನ್ನಿಗೆ ಓಡಬೇಡ.

ಹೆಣ್ಣು ಮಗು ಎಂದು ಕೊಳ್ಳೇಗಾಲದಿಂದ ಕೊಟ್ಟ ತಂತಿ ನಿನಗೆ ಸಿಕ್ಕಿದೆ ಎಂದು ತಿಳಿದಿದ್ದೇನೆ. ಆಪರೇಷನ್ ಮಾಡಿ ತೆಗೆದರು, ಅದನ್ನು ತಂತಿಯಲ್ಲಿ ಹಾಕಿಸಲಿಲ್ಲ, ನೀನು ಗಾಬರಿಯಾಗುತ್ತೀಯೆಂದು. ಮಗುವಿನ ಮೂಗು ನಿನ್ನದೇ, ಬದನೆ ಮಿಡಿ ಇಟ್ಟ ಹಾಗೆ. ಅತ್ತರೆ ಆಸ್ಪತ್ರೆಯ ಗೇಟಿನವರೆಗೆ ಕೇಳುತ್ತಿತ್ತು. ನಿಮ್ಮ ಮದುವೆಯಾಗಿ ನಾಲ್ಕು ವರ್ಷಕ್ಕೆ ಬಂದ ಕೂಸು. ಮಾದಪ್ಪನ ಬೆಟ್ಟಕ್ಕೆ ನಿಮ್ಮವ್ವ ಎಷ್ಟು ಸಲ ನಡೆದು ಹತ್ತಿದಳೆಂದು ನಿನಗೇ ಗೊತ್ತು. ಯಶೋದನಿಗೆ ತಾಯಿಲ್ಲ, ಹಾಗಾಗಿ ಚೊಚ್ಚಲ ಬಾಣಂತನವನ್ನು ಯಳಂದೂರಿನ ತವರಿನಲ್ಲಿ ಮಾಡುವವರಿರಲಿಲ್ಲ. ನಿಮ್ಮವ್ವ ಚಿಕ್ಕನಿಂಗಮ್ಮನವರೇ ಸೊಂಟ ಕಟ್ಟಿ ನಿಂತರು. ಒಂಬತ್ತು ದಿನ ಆಸ್ಪತ್ರೆಯ ನೆಲದ ಮೇಲೆ ಮಲಗಿದ್ದಾಳೆ, ನರ್ಸುಗಳಿಗೆಲ್ಲ ಬಾಣಂತಿಯನ್ನು ನೋಡಿಕೊಳ್ಳುವುದು ಹೇಗೆಂದು ಪಾಠ ಹೇಳಿದ್ದಾಳೆ. ಒಂಬತ್ತನೇ ದಿನ ಹೊಲಿಗೆ ಬಿಚ್ಚಿ ಮನೆಗೆ ಕರೆದುಕೊಂಡು ಹೋಗಿ ಅಂದರು. ಅದು ಈ ತಿಂಗಳು ಆರನೇ ತಾರೀಕು, ಬುಧವಾರ.

ಇಲ್ಲಿಯ ಪೆಟ್ರೋಲಿನ ಅವಸ್ಥೆ ನಿನಗೆ ಗೊತ್ತಿರಬಹುದು. ಅರಬ್ಬರ ದೇಶದಲ್ಲಿ ಯುದ್ಧವಾದರೆ ಹನೂರಿನ ಟ್ಯಾಕ್ಸಿ ಯಾಕೆ ನಿಲ್ಲಬೇಕು ಎಂದು ನಿಮ್ಮವ್ವ ಕೇಳುತ್ತಾಳೆ, ನನಗೆ ಹೇಳಲು ಬರುವುದಿಲ್ಲ. ಕೊಳ್ಳೇಗಾಲದ ಬಂಕುಗಳಲ್ಲಿ ಸ್ಟಾಕ್ ಇಲ್ಲ ಎನ್ನುವ ಬೋರ್ಡು ನೇತಾಡುತ್ತಿತ್ತು. ಇಂಥ ಹೊತ್ತಿನಲ್ಲಿ ನಿನ್ನಪ್ಪ ಸುಮ್ಮನೆ ಕೂರುವವನಾ? ಷೆಡ್ಡಿನ ಬೀಗ ತೆಗೆದೆ. ನೀನು ಹೋದ ಮೇಲೆ ಅಲ್ಲಿ ಏನೂ ಬದಲಾಗಿಲ್ಲ. ಬಂಪರಿಗೆ ತಗುಲಿಸುವ ಕ್ಯಾನ್ವಾಸ್ ನೀರಿನ ಚೀಲ, ಹಿಂದಿನ ಕಾಲದ ರಬ್ಬರ್ ಉಂಡೆ ಹಾರನ್ನು, ಏರು ಬಂದರೆ ತಾನೇ ನಿಂತುಬಿಡುವ ಆ ಸೋಮಾರಿ ವೈಪರ್, ಒಳಗೆ ಹುಲ್ಲು ತುಂಬಿ ನೀರು ಹೊಯ್ದು ಕಿಟಕಿಗೆ ಸಿಕ್ಕಿಸಿದರೆ ತಣ್ಣನೆ ಗಾಳಿ ಕೊಡುವ ಡ್ರಮ್ಮು, ಯಳಂದೂರಿನ ಹಳೇ ಬಂಗಲೆಯ ಗ್ಯಾರೇಜಿನಿಂದ ನಾವಿಬ್ಬರೂ ತಂದ ಕೈ ಎತ್ತುವ ಇಂಡಿಕೇಟರು. ಅದನ್ನು ನೀನು ಎಂಟನೇ ಕ್ಲಾಸಿನಲ್ಲಿ ಸೈಕಲ್ಲಿಗೆ ಕಟ್ಟಿಕೊಂಡು ಸ್ಕೂಲಿಗೆ ಹೋಗಿ ಹೆಡ್ಮಾಸ್ತರ ಕೈಲಿ ಒದೆ ತಿಂದೆಯಲ್ಲ. ಇವೆಲ್ಲದರ ಹಿಂದೆ, ಗೋಣಿ ಹೊದ್ದು, ಕೊಳ್ಳೇಗಾಲದ ರೇಷ್ಮೆ ಸಾಹುಕಾರರ ಷೆಡ್ಡಿನಿಂದ ನಾನು ಎತ್ತಿನ ಗಾಡಿಯಲ್ಲಿ ಎಳೆಸಿಕೊಂಡು ಬಂದ ಷೆವರ್ಲೆ. ಅದರ ಬೆನ್ನಿಗೆ ಇದ್ದಿಲ ಒಲೆ.

ನೀನು ಬೋರ್‌ವೆಲ್ ಲಾರಿಗೆ ಹೊರಟಾಗ ಮುಟ್ಟಬೇಡ ಎಂದು ಹೇಳಿ ಹೋಗಿದ್ದ ಒಲೆಯೇ ಅದು. ದೊಡ್ಡ ಯುದ್ಧದ ಕಾಲದಲ್ಲಿ ಕೊಳ್ಳೇಗಾಲದಿಂದ ಹನೂರಿಗೆ ಬರುತ್ತಿದ್ದ ಬಸ್ಸು ಓಡುತ್ತಿದ್ದದ್ದು ಇಂಥದರಲ್ಲೇ. ಶಿವನಂಜಯ್ಯ ಮೇಸ್ತ್ರಿ ಡ್ರೈವರು, ನಾನು ಹದಿನೈದು ವರ್ಷದ ಕ್ಲೀನರು. ಕಬ್ಬಿಣದ ಪೀಪಾಯಿಗೆ ಇದ್ದಿಲು ತುಂಬಿ, ಕೆಳಗೆ ಬೆಂಕಿ ಕೊಟ್ಟು, ಕುಲುಮೆಯಲ್ಲಿ ತಿರುಗಿಸುವಂಥ ಬ್ಲೋವರನ್ನು ಕೈಯಲ್ಲಿ ಹತ್ತು ನಿಮಿಷ ತಿರುಗಿಸಿದರೆ ಗ್ಯಾಸು ಏಳುತ್ತದೆ. ಅದು ಕೊಳವೆಯಲ್ಲಿ ಹಾಯ್ದು ಎಂಜಿನ್ನಿಗೆ ಹೋಗುತ್ತದೆ. ಪೆಟ್ರೋಲು ಬರೀ ಸ್ಟಾರ್ಟಿಂಗಿಗೆ. ಈಗ ಈ ವಿದ್ಯೆ ಗೊತ್ತಿರುವವನು ಈ ಸೀಮೆಯಲ್ಲಿ ನಾನೊಬ್ಬನೇ, ಮೇಸ್ತ್ರಿ ಸತ್ತು ಇಪ್ಪತ್ತು ವರ್ಷವಾಯಿತು. ಜನವರಿಯಲ್ಲಿ ಹದಿನೈದು ದಿನ ಕೂತು ಒಲೆಯ ತುಕ್ಕು ಕೆರೆದೆ, ಜಾಲರಿ ಬದಲಿಸಿದೆ, ಸೋಸುವ ಡಬ್ಬಿಗೆ ಹೊಸ ತೆಂಗಿನ ನಾರು ತುಂಬಿದೆ. ಷೆವರ್ಲೆ ಕೆಮ್ಮಿ, ಉಗುಳಿ, ಆಮೇಲೆ ಓಡಿತು ನಟರಾಜು! ಹನೂರಿನ ಬಸ್ ಸ್ಟ್ಯಾಂಡಿನಲ್ಲಿ ಒಂದು ಸುತ್ತು ಹೊಡೆಸಿದೆ. ಪೆಟ್ರೋಲಿಲ್ಲದೆ ನಿಂತಿದ್ದ ಟ್ಯಾಕ್ಸಿಯವರು ಬಾಯಿ ಬಿಟ್ಟುಕೊಂಡು ನೋಡಿದರು. ನನ್ನ ಮೊಮ್ಮಗಳು ಹನೂರಿಗೆ ಬರುವುದು ಇದರಲ್ಲೇ ಎಂದು ಅಲ್ಲೇ ಎಲ್ಲರಿಗೂ ಸಾರಿದೆ. ಸಾರಿದ ಮೇಲೆ ಹಿಂದಕ್ಕೆ ಹೋಗುವುದು ಹೇಗೆ?

ನಿಜ ಹೇಳಬೇಕೆಂದರೆ ಬಸ್ಸಿತ್ತು. ಟ್ರಿಪ್ಪು ಕಡಿಮೆ ಮಾಡಿದ್ದರು, ನೂಕುನುಗ್ಗಲು ಹೌದು, ಆದರೆ ಡ್ರೈವರ್ ದೊಡ್ಡಸಿದ್ದಯ್ಯ ನಮ್ಮವನೇ. ಆಸ್ಪತ್ರೆಯ ಹತ್ತಿರವೇ ಬಂದು, ಮುಂದಿನ ಸೀಟು ಪೂರ್ತಿ ಬಿಡಿಸಿ ಕೊಡ್ತೀನಿ, ಮನೆ ಬಾಗಿಲಲ್ಲೇ ನಿಲ್ಲುಸ್ತೀನಿ, ಆ ಒಲೆ ಗಾಡೀಲಿ ಬಾಣ್ತೀನ ಕರ್ಕಂಡೋಗ್‌ಬೇಡಿ ಅಣ್ಣ ಅಂದ. ನಾನು ನಕ್ಕುಬಿಟ್ಟೆ. ನಿಮ್ಮವ್ವನಿಗೂ ಬಸ್ಸಿನ ಮೇಲೆ ಮನಸ್ಸಿತ್ತು, ನನ್ನ ಮುಖ ನೋಡಿ ಗಂಟುಮೂಟೆಯನ್ನು ಕಾರಿಗೇ ಹಾಕಿದಳು. ಹೊರಡುವ ಮುಂಚೆ ನಾನು ಒಲೆ, ಕೊಳವೆ, ಟೈರು ಎಲ್ಲವನ್ನೂ ನೋಡಿದ್ದೆ.

ಹಿಂದಿನ ಸೀಟಿನಲ್ಲಿ ಯಶೋದ, ಮಗು, ನಿಮ್ಮವ್ವ. ಮುಂದೆ ನಾನೊಬ್ಬನೇ. ನಡುವೆ ನಿಮ್ಮವ್ವನ ಹಳೇ ಸೀರೆಯನ್ನು ಪರದೆ ಕಟ್ಟಿದ್ದೆವು. ಹಸಿ ಬಾಣಂತಿ, ಮಾವನ ಎದುರಿಗೆ ಹೇಗೆ ಕೂರುತ್ತಾಳೆ? ನೀನೇ ನೋಡಿದ್ದೀಯಲ್ಲ, ನಾಲ್ಕು ವರ್ಷದಲ್ಲಿ ಆ ಹುಡುಗಿಯನ್ನು ನಾನು ಒಂದು ದಿನ ಹೆಸರು ಹಿಡಿದು ಕರೆದವನಲ್ಲ, ಅವಳೂ ನನಗೆ ನೇರ ಮಾತಾಡಿದವಳಲ್ಲ. ನೀರು ಬೇಕಾದರೆ ನಾನು ಗೋಡೆಗೋ ಕೋಳಿಗೋ ಹೇಳಿದ ಹಾಗೆ ಹೇಳುವುದು, ಲೋಟ ಬಂದು ಬಾಗಿಲ ಹತ್ತಿರ ಕೂರುವುದು. ನಿಮ್ಮವ್ವ ಯಶೋದನ ಕಿವಿಗೆ ಹತ್ತಿ ಇಟ್ಟು, ತಲೆಗೆ ಬಟ್ಟೆ ಬಿಗಿದು, ಮಗುವನ್ನು ಮೂರು ಸುತ್ತು ಸುತ್ತಿ, ಕಾರಿನ ಗಾಜುಗಳನ್ನೆಲ್ಲ ಏರಿಸಿದಳು. ಹಳೇ ಗಾಜು, ಸಂದಿ ಬಿಡುತ್ತದೆ. ಆ ಸಂದಿಗೆಲ್ಲ ಹರಕು ಬಟ್ಟೆ ತುರುಕಿದಳು. ಬಾಣ್ತಿ ಕಿವಿಗೆ ಗಾಳಿ ಒಕ್ಕಂಡ್ರೆ ಸಾಯೋಗಂಟ ತಲೆನೋವು ಕಣ್ರಿ, ಒಂದ್ ಇರುವೆ ಒಳೀಕ್ ಬರ್‌ಬಾರ್ದು ಅಂದಳು. ಮುಚ್ಚು ಮುಚ್ಚು ಎಂದು ನಾನೂ ಹೇಳಿದೆ. ನನ್ನ ಪಕ್ಕದ ಕಿಟಕಿ ಮಾತ್ರ ತೆರೆದಿತ್ತು, ಕೈ ಹೊರಗಿಟ್ಟು ಓಡಿಸದಿದ್ದರೆ ನನಗೆ ಗಾಡಿ ಓಡಿಸಿದಂತೆಯೇ ಅಲ್ಲ.

ಮಧುವನಹಳ್ಳಿಯವರೆಗೆ ರಾಜನ ಸವಾರಿ. ಪರದೆಯ ಹಿಂದೆ ನಿಮ್ಮವ್ವನ ಮಾತು ನಿಲ್ಲಲೇ ಇಲ್ಲ. ಮಗುವಿಗೆ ದಾರಿ ತೋರಿಸುತ್ತಿದ್ದಳು, ಅದು ಕಣ್ಣನ್ನೇ ಬಿಟ್ಟಿರಲಿಲ್ಲ. ಮಧುವನಹಳ್ಳಿ ದಾಟಿ ದಿಣ್ಣೆ ಹತ್ತುವಾಗ ಎಂಜಿನ್ನು ಸೋತು ನಿಂತುಹೋಯಿತು. ಬೆಂಕಿ ಮಂಕಾಗಿದೆ ಎಂದು ತಿಳಿಯಿತು. ಬಾನೆಟ್ಟಿನೊಳಗೆ ಒಂದು ಬಾಟಲಿ ಪೆಟ್ರೋಲಿತ್ತು, ಅದನ್ನು ಹುಯ್ದು ದಿಣ್ಣೆ ದಾಟಬಹುದಿತ್ತು. ಪೆಟ್ರೋಲಿನಲ್ಲಿ ದಾಟಿದರೆ ಒಲೆ ಕಟ್ಟಿದ್ದು ಯಾವ ಪುರುಷಾರ್ಥಕ್ಕೆ? ಇಳಿದು, ಬೆಂಕಿ ಕೆದಕಿ, ಇದ್ದಿಲು ಸುರಿದು, ಬ್ಲೋವರ್ ತಿರುಗಿಸತೊಡಗಿದೆ. ಹತ್ತು ನಿಮಿಷದ ಕೆಲಸ, ಇಪ್ಪತ್ತಾಯಿತು. ಇದ್ದಿಲು ಸ್ವಲ್ಪ ಹಸಿ. ನಡುವೆ ನಿಮ್ಮವ್ವ ಒಳಗಿನಿಂದ ಗಾಜು ತಟ್ಟಿದಳು. ತಲೆ ಧಿಮ್ ಅಂತದೆ ಕಣ್ರಿ, ಒಟ್ಟೆ ತೊಳಸ್ತದೆ ಅಂದಳು. ಬೆಳಿಗ್ಗೆಯಿಂದ ಒಂದೇ ಇಡ್ಲಿ ತಿಂದಿದ್ದಾಳೆ, ಹಸಿವಿಗೆ ಹಾಗಾಗಿದೆ ಎಂದುಕೊಂಡೆ. ಇನ್ನೈದ್ ನಿಮ್ಸ, ಸುಮ್ನಿರು ಎಂದು ಗದರಿದೆ. ಗದರಿದ್ದಕ್ಕೆ ಅವಳು ಸುಮ್ಮನಾದಳೆಂದು ತಿಳಿದೆ. ಗ್ಯಾಸು ಎದ್ದಿತು, ಹ್ಯಾಂಡಲ್ ಹೊಡೆದೆ, ಗಾಡಿ ಹೊರಟಿತು. ದಿಣ್ಣೆಯ ತುದಿ ಮುಟ್ಟಿದಾಗ ನನಗೆ ಎಷ್ಟು ಖುಷಿಯಾಯಿತೆಂದರೆ ಮೇಸ್ತ್ರಿಯ ಹಾಗೆ ಶಿಳ್ಳೆ ಹಾಕಿದೆ.

ಇಳಿಜಾರಿನಲ್ಲಿ ಒಂದು ಮೈಲಿ ಬಂದಿರಬೇಕು. ಮಗು ಎಷ್ಟು ಚೆನ್ನಾಗಿ ಮಲಗಿದೆ, ಕಾರಿನ ತೂಗಾಟ ತೊಟ್ಟಿಲಿನಂತಿದೆ ಎಂದು ನನಗೆ ನಾನೇ ಬೀಗಿಕೊಂಡೆ. ಆಮೇಲೆ ಹೊಳೆಯಿತು, ನಿಮ್ಮವ್ವನೂ ಮಾತಾಡುತ್ತಿಲ್ಲ. ನಟರಾಜು, ಕೊಳ್ಳೇಗಾಲದಿಂದ ಹನೂರಿಗೆ ನಿಮ್ಮವ್ವ ಬಾಯಿ ಮುಚ್ಚಿಕೊಂಡು ಬಂದದ್ದುಂಟಾ? ನಿದ್ದೆಯಲ್ಲೂ ಮಾತಾಡುವವಳು. ನಿಂಗೀ ಎಂದು ಕರೆದೆ. ಎರಡು ಸಲ ಕೆಮ್ಮಿದೆ. ಹಾರನ್ನು ಹೊಡೆದೆ. ಪರದೆ ಸರಿಸಿ ನೋಡಲು ಕೈ ಎತ್ತಿದೆ, ಕೈ ಅಲ್ಲೇ ನಿಂತಿತು. ಸೊಸೆ ಮಗುವಿಗೆ ಹಾಲು ಕೊಡುತ್ತಿದ್ದರೆ? ಅದಕ್ಕೇ ಅತ್ತೆ ಸುಮ್ಮನಿದ್ದರೆ? ಮಾವನಾದವನು ಪರದೆ ಎತ್ತಿ ನೋಡಿದ ಎಂದರೆ ನಾಳೆ ಆ ಹುಡುಗಿ ನನ್ನ ಮನೆಯಲ್ಲಿ ತಲೆ ಎತ್ತಿ ತಿರುಗುವುದು ಹೇಗೆ? ಹೀಗೆ ಯೋಚಿಸುತ್ತ ಇನ್ನೂ ಅರ್ಧ ಮೈಲಿ ಓಡಿಸಿದೆ. ಆ ಅರ್ಧ ಮೈಲಿಯನ್ನು ನಾನು ಈಗ ದಿನಾ ಓಡಿಸುತ್ತಿದ್ದೇನೆ ಮಗ.

ಮುಂದೆ ರಸ್ತೆಯ ಮೇಲೆ ಹುರುಳಿ ಹರಡಿದ್ದರು. ಬಸ್ಸು ಲಾರಿ ಕಡಿಮೆಯಾಗಿ ತುಳಿಯುವ ಚಕ್ರವೇ ಇಲ್ಲದೆ ಕಾಯುತ್ತ ಕೂತಿದ್ದ ಹೆಂಗಸರು ನನ್ನ ಗಾಡಿ ಕಂಡು ಎದ್ದು ಕೈ ಬೀಸಿದರು. ಹುರುಳಿಯ ಮೇಲೆ ಹತ್ತಿಸಿದೆ, ಗಾಡಿ ಒಮ್ಮೆ ಜಾರಿ ಕುಲುಕಿತು, ಪರದೆಯ ಹಿಂದೆ ಏನೋ ದೊಪ್ಪನೆ ಬಿದ್ದ ಸದ್ದು. ಯಾರೂ ಅಯ್ಯೋ ಅನ್ನಲಿಲ್ಲ. ಬ್ರೇಕ್ ಒತ್ತಿ ಪರದೆ ಕಿತ್ತೆಸೆದೆ. ನಿಮ್ಮವ್ವ ಸೀಟಿನಿಂದ ಜಾರಿ ಕೆಳಗೆ ಬಿದ್ದಿದ್ದಳು, ಬಾಯಲ್ಲಿ ನೊರೆ. ಯಶೋದ ಬಾಗಿಲಿಗೆ ಒರಗಿ ಕತ್ತು ವಾಲಿಸಿದ್ದಳು. ಮಗು ಅವಳ ಮಡಿಲಿನಲ್ಲಿ. ಮೂವರ ಮುಖವೂ ಕೆಂಪಗಿತ್ತು, ಕುಂಕುಮ ಬಳಿದ ಹಾಗೆ, ಒಂದು ಗಳಿಗೆ ನನಗೆ ಮೂವರೂ ಆರೋಗ್ಯವಾಗಿದ್ದಾರೆ ಅನ್ನಿಸಿಬಿಟ್ಟಿತು. ಆಮೇಲೆ ಮುಟ್ಟಿದೆ.

ಬಾಗಿಲು ತೆಗೆದು ಮೊದಲು ಮಗುವನ್ನು ಹೊರಗೆ ತಂದು ಹುರುಳಿ ಸೊಪ್ಪಿನ ಮೇಲೆ ಮಲಗಿಸಿದೆ, ಆಮೇಲೆ ಸೊಸೆಯನ್ನು ತೋಳಿನಲ್ಲಿ ಎತ್ತಿ ತಂದೆ. ಆಪರೇಷನ್ ಆದ ಹೊಟ್ಟೆ ಎನ್ನುವುದು ಕೂಡ ನೆನಪಿರಲಿಲ್ಲ. ನಿಮ್ಮವ್ವನನ್ನು ಹೆಂಗಸರು ಎಳೆದು ಹಾಕಿದರು. ಗಾಳಿಗೆ ಬಿದ್ದಿದ್ದೇ ಅವಳು ವಾಂತಿ ಮಾಡಿಕೊಂಡು ನರಳಿದಳು, ಅವಳ ನರಳಾಟ ಕೇಳಿ ನಾನು ಯಾವತ್ತೂ ಅಷ್ಟು ಸಂತೋಷಪಟ್ಟಿರಲಿಲ್ಲ. ಹುರುಳಿಯ ಹೆಂಗಸರಲ್ಲಿ ಶಿವಮ್ಮ ಎನ್ನುವವಳು ದೊಡ್ಡವಳು, ಅವಳು ಓಡಿಬಂದು, ಅಯ್ಯೋ ಹಸುಗೂಸ್‌ಗೆ ಸೀತ್‌ಗಾಳಿ ಬೀಸ್ತದಲ್ರಪ್ಪೋ ಎಂದು ತನ್ನ ಸೆರಗಿನಲ್ಲಿ ಮಗುವಿನ ಮುಖ ಮುಚ್ಚಲು ಹೋದಳು. ನಾನು ಅವಳ ಕೈಗೆ ಹೊಡೆದೆ. ಪರ ಹೆಂಗಸಿನ ಕೈಗೆ! ಗಾಳಿ ಬೇಕು ಕಣವ್ವ, ಮಗೀಗೆ ಗಾಳಿ ಬೇಕು ಎಂದು ಕಿರುಚಿದೆ. ನಿಮ್ಮವ್ವ ಸುತ್ತಿದ್ದ ಮೂರು ಸುತ್ತು ಬಟ್ಟೆಯನ್ನೂ ಬಿಚ್ಚಿ ಬತ್ತಲೆ ಮಾಡಿ, ಮಾಘದ ಗಾಳಿಗೆ ಎರಡು ಕೈಲಿ ಎತ್ತಿ ಹಿಡಿದೆ. ಒಂಬತ್ತು ದಿನದ ಕೂಸು, ನನ್ನ ಅಂಗೈಯಲ್ಲಿ ಒದ್ದೆ ಬಟ್ಟೆಯಂತೆ ಜೋತುಬಿದ್ದಿತ್ತು. ಅಂಗಾಲಿಗೆ ತಟ್ಟಿದೆ. ಮೂಗಿಗೆ ಊದಿದೆ. ಗದ್ದೆಗಳ ಕಡೆಗೆ ತಿರುಗಿಸಿ ಹಿಡಿದು, ಮಾದಪ್ಪ ಎಂದೆನೋ, ಮೇಸ್ತ್ರಿ ಎಂದೆನೋ, ಏನು ಕೂಗಿದೆನೋ ತಿಳಿಯದು. ಎಷ್ಟು ಹೊತ್ತೆಂದು ಕೇಳಬೇಡ. ಮೊದಲು ಎದೆ ಒಮ್ಮೆ ಒಳಕ್ಕೆ ಹೋಯಿತು. ಆಮೇಲೆ ಬೆಕ್ಕಿನ ಮರಿಯ ಹಾಗೆ ಒಂದು ಸದ್ದು. ಅದು ಆಸ್ಪತ್ರೆಯ ಗೇಟಿಗೆ ಕೇಳುವ ಅಳುವಲ್ಲ, ಆದರೂ ಅಳು.

ಯಶೋದ ಮಾತ್ರ ಏಳಲಿಲ್ಲ. ಶಿವಮ್ಮ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನೀರು ಚಿಮುಕಿಸುತ್ತಿದ್ದಳು. ನಾನು ಮಗುವನ್ನು ಎದೆಗೆ ಒತ್ತಿಕೊಂಡು ಅವಳ ಪಕ್ಕ ಕೂತು ಕರೆದೆ. ಯಶೋದಾ, ಕಣ್ಣು ಬುಡವ್ವಾ. ಯಶೋದಾ, ನಿನ್ನ ಮಗಳು ಅಳ್ತಾವ್ಳೆ ನೋಡವ್ವಾ. ನಾಲ್ಕು ವರ್ಷ ಕರೆಯದಿದ್ದ ಹೆಸರನ್ನು ಅಲ್ಲಿ ನೂರು ಸಲ ಕರೆದೆ, ಕೆನ್ನೆಗೆ ಹೊಡೆದು ಕರೆದೆ. ಕೊನೆಗೆ ಅವಳ ತುಟಿ ಅಲ್ಲಾಡಿತು. ಮಗಾ ಅಂದಳು. ಅಷ್ಟೇ ಅಂದು ಮತ್ತೆ ಕಣ್ಣು ಮುಚ್ಚಿದಳು.

ಇನ್ನು ಹೇಗೆ ಹೋಗುವುದು? ಅತ್ತ ಇತ್ತ ನೋಡಿದರೆ ಒಂದು ಎತ್ತಿನ ಗಾಡಿಯೂ ಇಲ್ಲ, ಮುಂದಿನ ಬಸ್ಸಿಗೆ ಎರಡು ಗಂಟೆ. ಇರುವುದು ಅದೇ ಕಾರು. ಒಲೆಯ ಬಾಯಿಗೆ ಹೆಂಗಸರ ಬಿಂದಿಗೆಯ ನೀರು ಸುರಿದು ಕೊಂದೆ. ಕೊಳವೆಯನ್ನು ಎಂಜಿನ್ನಿನಿಂದ ಕಿತ್ತೆ. ಬಾಟಲಿಯಲ್ಲಿದ್ದ ಪೆಟ್ರೋಲನ್ನು ಸ್ಟಾರ್ಟಿಂಗಿಗೆಂದು ಕಟ್ಟಿದ್ದ ಚಿಕ್ಕ ಡಬ್ಬಿಗೆ ಹುಯ್ದೆ. ಗಾಜುಗಳನ್ನೆಲ್ಲ ಇಳಿಸಿದೆ, ಒಂದು ಗಾಜು ಬಟ್ಟೆ ತುರುಕಿ ಬಿಗಿದಿದ್ದರಿಂದ ಇಳಿಯಲಿಲ್ಲ, ಸ್ಪ್ಯಾನರಿನಲ್ಲಿ ಒಡೆದೆ. ಯಶೋದನನ್ನು ಮುಂದಿನ ಸೀಟಿನಲ್ಲಿ ನನ್ನ ಪಕ್ಕದಲ್ಲೇ ಕೂರಿಸಿ ಸೀರೆಯಿಂದ ಸೀಟಿಗೆ ಕಟ್ಟಿದೆ, ಅದೇ ಪರದೆಯ ಸೀರೆ. ಹಿಂದೆ ನಿಮ್ಮವ್ವ, ಶಿವಮ್ಮನ ಕೈಯಲ್ಲಿ ಮಗು. ಕಾಮಗೆರೆಯ ಮಿಷನ್ ಆಸ್ಪತ್ರೆಯವರೆಗೂ ಒಂದು ಕೈಯಲ್ಲಿ ಸ್ಟೇರಿಂಗು, ಒಂದು ಕೈಯಲ್ಲಿ ಸೊಸೆಯ ಕತ್ತು ಹಿಡಿದಿದ್ದೆ. ಪೆಟ್ರೋಲು ಮುಗಿದರೆ ಎಂದು ಇಳಿಜಾರಿನಲ್ಲೆಲ್ಲ ಎಂಜಿನ್ ಆರಿಸಿ ಬಿಟ್ಟೆ. ಆಸ್ಪತ್ರೆಯ ಗೇಟಿನ ಒಳಗೆ ಹೋಗಿ ನಿಂತಿತು, ಆಮೇಲೆ ಹ್ಯಾಂಡಲ್ ಹೊಡೆದರೂ ಏಳಲಿಲ್ಲ.

ಅಲ್ಲಿಯ ಸಿಸ್ಟರುಗಳು ದೇವರಂಥವರು. ಮೂವರಿಗೂ ಆಕ್ಸಿಜನ್ ಹಚ್ಚಿದರು. ಯಶೋದ ಮಾರನೇ ದಿನ ಮಧ್ಯಾಹ್ನಕ್ಕೆ ಪೂರ್ತಿ ಎಚ್ಚರವಾದಳು. ಅಲ್ಲಿಯತನಕ ನಾನು ಬೆಂಚಿನ ಮೇಲೆ ಕೂತಿದ್ದೆ, ಯಾರೋ ಕಾಫಿ ತಂದುಕೊಟ್ಟರು, ಕುಡಿದೆನೋ ಚೆಲ್ಲಿದೆನೋ. ದೊಡ್ಡ ಸಿಸ್ಟರು ಬಂದು ಒಂದೇ ಮಾತು ಕೇಳಿದರು, ಕಾರಿನಲ್ಲಿ ಒಲೆ ಯಾಕಿತ್ತು ಎಂದು. ಐವತ್ತು ವರ್ಷದ ವಿದ್ಯೆ ನನ್ನದು, ಆ ಒಂದು ಪ್ರಶ್ನೆಗೆ ಪೆಟ್ರೋಲ್ ಸಿಗ್ನಿಲ್ಲ ಸಿಸ್ಟರ್ ಎಂದಷ್ಟೇ ಅಂದೆ. ಒಲೆಯ ಗ್ಯಾಸು ಹೇಗೋ ಒಳಗೆ ಸೇರಿಕೊಂಡಿದೆ, ಕಿಟಕಿ ತೆರೆದಿದ್ದರೆ ಹೊರಗೆ ಹೋಗಿಬಿಡುತ್ತಿತ್ತು ಎಂದು ಡಾಕ್ಟರು ವಿವರಿಸಿದರು. ನಿಮ್ಮವ್ವ ಅದನ್ನು ಮಂಚದ ಮೇಲೆ ಕೂತು ಕೇಳಿಸಿಕೊಂಡಳು. ಶನಿವಾರ ಎಲ್ಲರನ್ನೂ ಮನೆಗೆ ಬಿಟ್ಟರು. ದೊಡ್ಡಸಿದ್ದಯ್ಯನ ಬಸ್ಸಿನಲ್ಲೇ ಬಂದೆವು, ಅವನು ಮುಂದಿನ ಸೀಟು ಪೂರ್ತಿ ಬಿಡಿಸಿ ಕೊಟ್ಟ, ಬೈದಿದ್ದರೇ ಚೆನ್ನಾಗಿತ್ತು. ಮಗು ಹಾಲು ಕುಡಿಯುತ್ತದೆ, ಸದ್ದಿನ ಕಡೆ ತಿರುಗುತ್ತದೆ. ತಿಂಗಳಾದ ಮೇಲೆ ಇನ್ನೊಂದು ಸಲ ತೋರಿಸಿ ಎಂದಿದ್ದಾರೆ. ಯಶೋದನಿಗೆ ತಲೆನೋವು ಉಳಿದಿದೆ, ಇಳಿಯುತ್ತಿದೆ. ಈಗ ಅವಳು ನನ್ನೊಡನೆ ನೇರವಾಗಿ ಮಾತಾಡುತ್ತಾಳೆ. ಮಾವ, ಊಟಕ್ ಬನ್ನಿ ಎನ್ನುತ್ತಾಳೆ. ಅವಳು ಮಾವ ಎಂದಾಗಲೆಲ್ಲ ನನಗೆ ನೆಲ ನೋಡುವಂತಾಗುತ್ತದೆ.

ಕಷ್ಟವಿರುವುದು ನಿಮ್ಮವ್ವನದು. ಮನೆಗೆ ಬಂದಾಗಿನಿಂದ ಮಗುವನ್ನು ಮುಟ್ಟಿಲ್ಲ. ನೀರು ಹಾಕಲು ಪಕ್ಕದ ಮನೆಯ ಪುಷ್ಪನನ್ನು ಕರೆಯುತ್ತಾಳೆ, ತಾನು ಬಾಗಿಲಾಚೆ ನಿಂತು ನೀರು ಬಿಸಿ ಇದೆಯಾ, ಕಿವಿಗೆ ಹೋಗದಂತೆ ನೋಡು ಎಂದಷ್ಟೇ ಹೇಳುತ್ತಾಳೆ. ಮಗು ನೋಡಲು ಬಂದವರಿಗೆಲ್ಲ ತಾನೇ ಮೊದಲು ಹೇಳುತ್ತಾಳೆ, ಕಿಟಕಿ ಮುಚ್ಚಿದೋಳು ನಾನು ಕಣವ್ವ, ನನ್ ಕೈಯಾರೆ ಬಟ್ಟೆ ತುರುಕ್ದೆ ಎಂದು. ಹೋದ ಗುರುವಾರ ಯಳಂದೂರಿನಿಂದ ಬೀಗರು ನಾಗಯ್ಯನವರು ಬಂದಿದ್ದರು. ನಿಮ್ಮವ್ವ ಅವರ ಎದುರಿಗೆ ಹೋಗಿ, ಜನವೆಲ್ಲ ಇರುವಾಗಲೇ, ಅವರ ಕಾಲಿಗೆ ಬಿದ್ದಳು. ತಾಯಿಲ್ಲದ್ ಮಗೀನ ನಂಬಿ ಕೊಟ್ರಿ, ಕೊಂದ್‌ಬುಡ್ತಿದ್ದೆ ಕಣಣ್ಣ, ತಪ್ಪಾಯ್ತು ಅಂದಳು. ನಾಗಯ್ಯನವರು ದೊಡ್ಡ ಮನುಷ್ಯರು, ಕಣ್ಣೀರು ಹಾಕಿ ಎಬ್ಬಿಸಿದರು, ಬಾಣಂತಿಗೆ ಗಾಳಿ ತಗಲಬಾರದು ಎನ್ನುವುದು ನಮ್ಮವರೆಲ್ಲ ಮಾಡುವುದೇ ಅಲ್ಲವೇ ತಂಗಿ ಅಂದರು. ನಾನು ಕಂಬ ಹಿಡಿದು ನಿಂತಿದ್ದೆ. ಮೂವತ್ತೈದು ವರ್ಷ ನನ್ನೊಡನೆ ಸಂಸಾರ ಮಾಡಿದ ಹೆಂಗಸು ಇನ್ನೊಬ್ಬರ ಕಾಲಿಗೆ ಬೀಳುವುದನ್ನು ನೋಡಿಕೊಂಡು ನಿಂತಿದ್ದೆ.

ಷೆವರ್ಲೆ ಇನ್ನೂ ಕಾಮಗೆರೆಯಲ್ಲೇ ಇದೆ. ಬೇಕಾದವರು ತೆಗೆದುಕೊಂಡು ಹೋಗಲಿ, ನನಗೆ ತರುವ ಮನಸ್ಸಿಲ್ಲ. ಒಲೆಯನ್ನು ಮಾತ್ರ ಅಲ್ಲೇ ಬಿಚ್ಚಿಸಿ, ಸುತ್ತಿಗೆಯಲ್ಲಿ ನಾನೇ ಒಡೆದೆ, ಇನ್ನೊಬ್ಬ ಬುದ್ಧಿವಂತನ ಕೈಗೆ ಸಿಗಬಾರದೆಂದು. ನೀನು ಕೆಲಸ ಬಿಟ್ಟು ಓಡಿಬರಬೇಡ. ಯುಗಾದಿಗೆ ರಜೆ ಕೊಡುತ್ತಾರೆಂದು ಬರೆದಿದ್ದೆಯಲ್ಲ, ಆಗ ಬಾ. ಹೆಸರು ಇಡುವುದನ್ನು ನೀನು ಬರುವ ತನಕ ಮುಂದಕ್ಕೆ ಹಾಕಿದ್ದೇವೆ. ಮಹದೇವು ಏನು ಹೇಳಿದರೂ ಕೋಪ ಮಾಡಿಕೊಂಡು ಅವನಿಗೆ ಹೊಡೆಯಬೇಡ, ಹೊಡೆಯುವುದಿದ್ದರೆ ನನಗೆ ಇಟ್ಟುಕೋ. ವೇಳೆಗೆ ಸರಿಯಾಗಿ ಉಣ್ಣು. ಮೂಗಿಗೆ ಬಟ್ಟೆ ಕಟ್ಟಿಕೋ. ಮಲೆಯ ಮಾದಪ್ಪ ನಿನ್ನನ್ನು ಕಣ್ಣಿಟ್ಟು ಕಾಯಲಿ. ಯಶೋದ ನಿನ್ನನ್ನು ಕೇಳಿದಳೆಂದು ತಿಳಿ, ಮಗಳು ಕೈ ಕಾಲು ಆಡಿಸುತ್ತಾಳೆಂದು ತಿಳಿ.

ನಿನ್ನ ಅಪ್ಪ,
ಪುಟ್ಟಸಿದ್ದಯ್ಯ

ಅಂಟಿಸುವ ಮುಂಚೆ ಇನ್ನೊಂದು ಮಾತು, ಅಂಚೆಯ ಡಬ್ಬಿ ತೆಗೆಯುವ ಹೊತ್ತಾಯಿತು. ಗ್ಯಾಸು ಹೇಗೋ ಒಳಗೆ ಸೇರಿತು ಎಂದು ಮೇಲೆ ಬರೆದಿದ್ದೇನೆ. ಹೇಗೋ ಅಲ್ಲ. ಹೊರಡುವ ಮುಂಚೆ ಎಲ್ಲವನ್ನೂ ನೋಡಿದ್ದೆ ಎಂದೂ ಬರೆದಿದ್ದೇನೆ. ಅದು ನಿಜ, ನೋಡಿದ್ದೆ. ಹಿಂದಿನ ಸೀಟಿನ ಕೆಳಗೆ ಹಾಯುವ ಕೊಳವೆಯ ಬೆಸುಗೆ ಬೆರಳಗಲ ಬಿಟ್ಟಿತ್ತು. ಆಸ್‌ಬೆಸ್ಟಾಸ್ ದಾರ ಸುತ್ತಿ ಜೇಡಿಮಣ್ಣು ಮೆತ್ತಿದೆ, ಯಾರಿಗೂ ಹೇಳಲಿಲ್ಲ. ಎಂಜಿನ್ನು ಓಡುವಾಗ ಗ್ಯಾಸನ್ನು ಅದೇ ಎಳೆದುಕೊಳ್ಳುತ್ತದೆ, ಸೋರುವುದಿಲ್ಲ. ನಿಲ್ಲಿಸಿ ಬ್ಲೋವರ್ ತಿರುಗಿಸಿದರೆ ಸೋರುತ್ತದೆ. ಅದಕ್ಕೇ ಶಿವನಂಜಯ್ಯ ಮೇಸ್ತ್ರಿ ಬ್ಲೋವರ್ ಮುಟ್ಟುವ ಮುಂಚೆ ಬಸ್ಸಿನವರನ್ನೆಲ್ಲ ಇಳಿಸುತ್ತಿದ್ದರು. ಅವತ್ತು ದಿಣ್ಣೆಯ ಮೇಲೆ ನನಗೆ ಅದು ನೆನಪಾಯಿತು ನಟರಾಜು. ಇಳಿಯಿರಿ ಎಂದರೆ ನಿಮ್ಮವ್ವ ಯಾಕೆ ಎಂದು ಕೇಳುತ್ತಾಳೆ, ಬಿರುಕಿನ ವಿಷಯ ಹೇಳಬೇಕಾಗುತ್ತದೆ, ಬಸ್ಸಲ್ಲೇ ಓಗ್‌ಬೋದಿತ್ತಲ್ವಾ ಅಂತಾಳೆ. ಅಷ್ಟಕ್ಕೇ ಬಾಯಿ ಮುಚ್ಚಿಕೊಂಡೆ. ನಿಮ್ಮವ್ವನಿಗೆ ಓದಲು ಬರುವುದಿಲ್ಲ, ನಿನ್ನ ಕಾಗದಗಳನ್ನೆಲ್ಲ ಅವಳಿಗೆ ನಾನೇ ಓದಿ ಹೇಳುವುದು. ಅವಳ ಹೆಸರಿಗೆ ಒಂದು ಕಾಗದ ಬರೆ. ತಪ್ಪು ಕಿಟಕಿಯದಲ್ಲ ಅವ್ವ, ಅಪ್ಪ ಗೊತ್ತಿದ್ದೂ ಮುಚ್ಚಿಟ್ಟ ಎಂದು ಬಿಡಿಸಿ ಬರೆ. ನನ್ನ ಮಾತಾಗಿ ಹೇಳಲು ಹನ್ನೆರಡು ದಿನದಿಂದ ನೋಡುತ್ತಿದ್ದೇನೆ, ಆಗುತ್ತಿಲ್ಲ. ನಿನ್ನ ಬರಹವಾದರೆ ಅವಳ ಎದುರಿಗೆ ಕೂತು ಒಂದಕ್ಷರ ಬಿಡದೆ ಓದುತ್ತೇನೆ. ಬೇಗ ಬರೆ. ಮಗು ಅತ್ತರೂ ಅವಳು ಎತ್ತಿಕೊಳ್ಳುತ್ತಿಲ್ಲ.